ಪೆಡಲ್ ಮೇಲಿನ ಪಾದ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಸೈಕಲ್ ಬಗ್ಗೆ ಏನು ಹೇಳಿಯಾರು ಎಂದು ನಿಮಗೆ ಅನ್ನಿಸಬಹುದು. ಅದಕ್ಕೊಂದು ಕಾರಣವಿದೆ.

ನನ್ನ ತರಗತಿಯ ಒಬ್ಬ ಹುಡುಗಿ ದಿನವೂ ಕಲ್ಲು ತುಂಬಿದ ಇಳಿಜಾರು ದಾಟಿ ಸೈಕಲ್‌ನಲ್ಲಿ ಬರುತ್ತಿದ್ದಳು. ಒಂದು ದಿನ ಕಾಲು ಜಾರಿ ಬಿದ್ದಳು. ಪೆಡಲ್ ಕಣಕಾಲಿಗೆ ಬಡಿದು ಹೊಲಿಗೆ ಬಿತ್ತು. ಮರುದಿನ ತಂದೆ ಬಂದು, “ಸಾರ್, ಇನ್ನು ಸೈಕಲ್ ಬೇಡ. ಬಸ್ಸೂ ಇಲ್ಲ. ಓದಿದ್ದು ಸಾಕು” ಎಂದರು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಎಷ್ಟೋ ಮಕ್ಕಳಿಗೆ ಹೈಸ್ಕೂಲು ಹತ್ತಿರವಾಗಿತ್ತು. ಈ ಮಗುವಿಗೆ ಅದೇ ಸೈಕಲ್‌ನಿಂದ ಹೈಸ್ಕೂಲು ದೂರವಾಗುವುದರಲ್ಲಿತ್ತು.

ಗಾಯ ಮಾಗಿದ ಮೇಲೆ ಸೈಕಲ್ ಪರೀಕ್ಷಿಸಿದೆ. ಬ್ರೇಕು ಸರಿಯಿತ್ತು. ನಾನು ಹಿಡಿದು ನಿಂತು ಅವಳನ್ನು ಕೂರಿಸಿದೆ. ಸವೆದ ಹವಾಯಿ ಚಪ್ಪಲಿ. ಪೆಡಲ್ ಮೇಲೆ ಬರೀ ಬೆರಳ ತುದಿ! ತಪ್ಪು ಅವಳದಲ್ಲ. ಪಾದ ಎಲ್ಲಿಡಬೇಕೆಂದು ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನು ಚೆನ್ನಾಗಿ ಬಲ್ಲವರು ಬೆಟ್ಟದ ಸೈಕಲ್ ಸವಾರರು. ಅಮೆರಿಕದ ಕ್ಯಾಲಿಫೋರ್ನಿಯಾದ ಟಮಾಲ್‌ಪೈಸ್ ಬೆಟ್ಟದ ಸುತ್ತಮುತ್ತ 1970ರ ದಶಕದಲ್ಲಿ ಕೆಲವು ಯುವಕರು ಹಳೆಯ ಭಾರದ ಸೈಕಲ್‌ಗಳಲ್ಲಿ ಕಚ್ಚಾ ರಸ್ತೆ ಇಳಿಯುತ್ತಿದ್ದರು. 1976ರಲ್ಲಿ ‘ರೀಪ್ಯಾಕ್’ ಎಂಬ ಪಂದ್ಯವನ್ನೂ ಆರಂಭಿಸಿದರು. ಇಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕು ಕಾದು ಗ್ರೀಸ್ ಸುಟ್ಟುಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಹಾಗೆ. ಮುಂದೆ ಶೂವನ್ನು ಪೆಡಲಿಗೆ ಸಿಕ್ಕಿಸುವ ವ್ಯವಸ್ಥೆ ಬಂತು. ಆದರೆ ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಸಾದಾ ಚಪ್ಪಟೆ ಪೆಡಲ್ ಮೇಲೆಯೇ 2006, 2007 ಮತ್ತು 2010ರಲ್ಲಿ ಇಳಿಜಾರು ಓಟದ ವಿಶ್ವ ಚಾಂಪಿಯನ್ ಆದರು. ಕಾಲನ್ನು ಕಟ್ಟದೆಯೂ ಪಾದ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅವರು ಅನುಸರಿಸುವ ಕ್ರಮ ಸರಳ. ಹೆಬ್ಬೆರಳಿನ ಬುಡದ ಉಬ್ಬು ಪೆಡಲಿನ ಅಚ್ಚಿನ ಮೇಲೆ, ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಇರಬೇಕು. ಬೆರಳ ತುದಿಯಲ್ಲಿ ನಿಂತರೆ ಪ್ರತಿ ಕುಲುಕಿಗೂ ಹರಡು ಮಡಚುತ್ತದೆ, ಭಾರವೆಲ್ಲ ಮೀನಖಂಡಕ್ಕೆ ಬಿದ್ದು ಕಾಲು ಬೇಗ ದಣಿಯುತ್ತದೆ, ಹಿಡಿತ ತಪ್ಪುತ್ತದೆ. ಪಾದ ಸ್ವಲ್ಪ ಮುಂದಿದ್ದರೆ ಭಾರ ಇಡೀ ಅಂಗಾಲಿಗೆ ಹಂಚಿಕೊಳ್ಳುತ್ತದೆ.

ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿ, ಎರಡೂ ಪೆಡಲ್‌ಗಳನ್ನು ಒಂದೇ ಮಟ್ಟದಲ್ಲಿಡಿ. ಒಂದು ಪೆಡಲ್ ಕೆಳಗಿದ್ದರೆ ಕಲ್ಲಿಗೆ ತಗಲೀತು. ಹಿಮ್ಮಡಿಯನ್ನು ತುಸು ಕೆಳಗೆ ಒತ್ತಿ, ಸೀಟಿನಿಂದ ಸ್ವಲ್ಪ ಎದ್ದು, ಮೊಣಕಾಲು ಸಡಿಲ ಬಿಡಿ. ಆಗ ಚಕ್ರ ಕಲ್ಲಿಗೆ ಬಡಿದರೂ ಆ ಬಡಿತ ಪಾದವನ್ನು ಪೆಡಲಿಗೇ ಒತ್ತುತ್ತದೆ, ಮುಂದಕ್ಕೆ ಎಸೆಯುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಎಡಕ್ಕೆ ತಿರುಗುವಾಗ ಬಲ ಪೆಡಲ್ ಕೆಳಗಿರಲಿ, ಬಲಕ್ಕೆ ತಿರುಗುವಾಗ ಎಡ ಪೆಡಲ್. ಜಾರುವ ಚಪ್ಪಲಿ ಬೇಡ. ಚಪ್ಪಟೆ ರಬ್ಬರ್ ತಳದ ಶೂ ಸಾಕು, ಅದು ದುಬಾರಿಯಾಗಿರಬೇಕಿಲ್ಲ.

ಆ ಹುಡುಗಿಗೆ ಶಾಲೆಯ ಮೈದಾನದಲ್ಲಿ ಒಂದು ವಾರ ಇಷ್ಟನ್ನೇ ಅಭ್ಯಾಸ ಮಾಡಿಸಿದೆವು. ಕೊನೆಯ ದಿನ ತಂದೆಯನ್ನೂ ಕರೆಸಿದೆವು. ಮಗಳು ಅದೇ ಇಳಿಜಾರು ಇಳಿದು ಬಂದಳು. ಅವರು ಏನೂ ಹೇಳಲಿಲ್ಲ. ಸೈಕಲ್ ಒರೆಸಿ ಅವಳ ಕೈಗೆ ಕೊಟ್ಟರು. ಅವಳು ಹತ್ತನೇ ತರಗತಿ ಮುಗಿಸಿದಳು.

ಒಂಟೆಯನ್ನು ಕಟ್ಟಿಹಾಕಿ, ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಬೋಧನೆ ನಮಗೆಲ್ಲ ಗೊತ್ತು. ಸೈಕಲ್ ಸವಾರನಿಗೆ ಪಾದವನ್ನು ಸರಿಯಾಗಿ ಇಡುವುದೇ ಒಂಟೆ ಕಟ್ಟಿದಂತೆ. ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ: ಮಗು ಬಿದ್ದರೆ, ಓದು ನಿಲ್ಲಿಸುವ ಮೊದಲು ಅದರ ಪಾದ ಎಲ್ಲಿತ್ತೆಂದು ನೋಡಿ. ಪ್ರತಿ ಜೂನ್‌ನಲ್ಲಿ ಶಾಲೆ ತೆರೆದಾಗ ಒಂದು ಬೆಳಿಗ್ಗೆಯನ್ನು ಈ ಪಾಠಕ್ಕೆ ಮೀಸಲಿಡಬೇಕೆಂದು ಸಂಘದ ಹಿರಿಯರಲ್ಲಿಯೂ ಕೋರುತ್ತೇನೆ.

ಅಲ್ಲಾಹನು ನಮ್ಮ ಮಕ್ಕಳ ದಾರಿಯನ್ನು ಸುಗಮಗೊಳಿಸಲಿ. ಆಮೀನ್.