ಬೀದಿಗಳೂ ನಮ್ಮ ಆರೋಗ್ಯವೂ



ವೈದ್ಯನಾದವನು ಬೀದಿಗಳ ಬಗ್ಗೆ ಮಾತನಾಡುವುದು ನಿಮಗೆ ಸೋಜಿಗವೆನಿಸಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ನಾವು ಹೇಳುವ ಮೊದಲ ಮಾತು, "ದಿನಾ ನಡೆಯಿರಿ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಿರಿ." ಆದರೆ ನಡೆದು ಎಲ್ಲಿಗೆ ಹೋಗುವುದು? ಊರಿನಿಂದ ಬಂದ ತಂದೆತಾಯಿಯರು ಹೀಗೆ ಕೇಳಿದರೆ, ಅಮೆರಿಕದ ಸಬರ್ಬುಗಳಲ್ಲಿರುವ ನಮ್ಮಲ್ಲಿ ಅನೇಕರ ಬಳಿ ಉತ್ತರವಿಲ್ಲ.

ಈ ದೇಶದ ಹಳೆಯ ನಗರಗಳು ಹೀಗಿರಲಿಲ್ಲ. 1682ರಲ್ಲಿ ಸ್ಥಾಪಿತವಾದ ಫಿಲಡೆಲ್ಫಿಯಾ, 1811ರ ಯೋಜನೆಯಂತೆ ಬೆಳೆದ ಮ್ಯಾನ್‌ಹಟನ್ ಎರಡೂ ಚದುರಂಗದ ಮಣೆಯಂತಿವೆ. ಹೆಚ್ಚಿನ ಮೂಲೆಗಳಲ್ಲಿ ನಾಲ್ಕು ದಿಕ್ಕಿಗೂ ದಾರಿ. ಕಾರುಗಳ ಕಾಲ ಬಂದಾಗ, 1929ರಲ್ಲಿ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಬಡಾವಣೆಯಲ್ಲಿ ಮನೆಗಳನ್ನು ಕಲ್-ಡಿ-ಸ್ಯಾಕ್, ಅಂದರೆ ಕೊನೆಯಲ್ಲಿ ಮುಚ್ಚಿದ ಬೀದಿಗಳ ಸುತ್ತ ಕಟ್ಟಿದರು. ಮಕ್ಕಳನ್ನು ಕಾರಿನಿಂದ ಕಾಪಾಡುವ ಸದುದ್ದೇಶ ಅದಕ್ಕಿತ್ತು. ಅಲ್ಲಿ ಉದ್ಯಾನದ ನಡುವೆ ಹಾಯುವ ಕಾಲುದಾರಿಗಳೂ ಇದ್ದವು. ಮುಂದೆ ಬಂದ ಬಹುಪಾಲು ಬಡಾವಣೆಗಾರರು ಮುಚ್ಚಿದ ಬೀದಿಯನ್ನು ಉಳಿಸಿಕೊಂಡು ಕಾಲುದಾರಿಯನ್ನು ಕೈಬಿಟ್ಟರು! ಹೀಗಾಗಿ ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆಗೂ ಸುತ್ತು ಬಳಸಿ ಹೋಗಬೇಕು, ಅದೂ ಕಾರಿನಲ್ಲಿ.

ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲ್ಲರ್ಡ್-ಬಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೊಂದು ಕೂಡುಸ್ಥಳದಲ್ಲಿ ಎಷ್ಟು ಬೀದಿಗಳು ಸೇರುತ್ತವೆಂದು ಲೆಕ್ಕಹಾಕಿದರು. ಅಮೆರಿಕದಲ್ಲಿ ಬೀದಿಗಳು ಬೇರೆಬೇರೆಯಾಗುವ ಈ ಪ್ರವೃತ್ತಿ 1990ರ ದಶಕದ ಮಧ್ಯಭಾಗದಲ್ಲಿ ತುತ್ತತುದಿ ಮುಟ್ಟಿ, ಆಮೇಲೆ ಇಳಿಯತೊಡಗಿತು. 2009ರಲ್ಲಿ ವರ್ಜೀನಿಯಾ ರಾಜ್ಯವು, ಹೊಸ ಬಡಾವಣೆಯ ಬೀದಿಗಳನ್ನು ತಾನು ನಿರ್ವಹಿಸಬೇಕಾದರೆ ಅವು ನೆರೆಯ ಬೀದಿಗಳಿಗೆ ಕೂಡಿಕೊಳ್ಳಬೇಕೆಂಬ ನಿಯಮ ತಂದಿತು.

ನಮ್ಮ ಬೆಂಗಳೂರಿನಲ್ಲಿ ಗಾಳಿ ಬೀಸುತ್ತಿರುವುದು ಇನ್ನೊಂದು ದಿಕ್ಕಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮೇನ್‌ಗೆ ಕ್ರಾಸ್ ಸೇರುತ್ತದೆ. ಅಜ್ಜಿ ನಡೆದೇ ದೇವಸ್ಥಾನಕ್ಕೆ ಹೋಗಿಬರುತ್ತಾರೆ. ಹೊರವಲಯದಲ್ಲಿ ಏಳುತ್ತಿರುವ ಗೇಟೆಡ್ ಬಡಾವಣೆಗಳಿಗೋ ಎತ್ತರದ ಕಾಂಪೌಂಡು, ಒಂದೇ ಗೇಟು. ಅಲ್ಲಿ ಸೈಟು, ಮನೆ ಕೊಳ್ಳುವವರಲ್ಲಿ ನಾವೂ ಇದ್ದೇವೆ.

ಮುಚ್ಚಿದ ಬೀದಿಯಲ್ಲಿ ಸದ್ದು ಕಡಿಮೆ, ಮಕ್ಕಳು ಅಂಜಿಕೆಯಿಲ್ಲದೆ ಆಡುತ್ತಾರೆ ಎನ್ನುವಿರಿ. ಒಪ್ಪುತ್ತೇನೆ. ಕಾರಿಗೆ ಅಲ್ಲಿ ಕೊನೆಯಿರಲಿ, ಕಾಲಿಗೆ ಮಾತ್ರ ದಾರಿಯಿರಲಿ. ಎರಡು ಮನೆಗಳ ನಡುವೆ ಆರೇಳು ಅಡಿ ಜಾಗ ಬಿಟ್ಟರೆ ಸಾಕು. ಆದರೆ ಅದನ್ನು ಮೊದಲೇ ಬಿಡಿಸಬೇಕು. ಮನೆ ಹಳತಾದರೆ ಕೆಡವಿ ಕಟ್ಟಬಹುದು. ಬೀದಿಯ ನಕ್ಷೆ ಒಮ್ಮೆ ಬಿತ್ತೆಂದರೆ ಮೊಮ್ಮಕ್ಕಳ ಕಾಲಕ್ಕೂ ಅದೇ.

ಆದ್ದರಿಂದ ನನ್ನ ವಿನಂತಿ ಎರಡು. ಮನೆ ನೋಡಲು ಹೋದಾಗ ಅಡುಗೆಮನೆಯ ಜೊತೆಗೆ ಬೀದಿಯನ್ನೂ ನೋಡಿ. ಅಲ್ಲಿಂದ ಶಾಲೆಗೆ, ಅಂಗಡಿಗೆ ನಡೆದುಹೋಗಲು ಸಾಧ್ಯವೇ ಎಂದು ಪರೀಕ್ಷಿಸಿ. ನಿಮ್ಮ ಊರಿನ ಪ್ಲಾನಿಂಗ್ ಬೋರ್ಡು ಹೊಸ ಬಡಾವಣೆಯ ಬಗ್ಗೆ ಸಾರ್ವಜನಿಕ ಸಭೆ ಕರೆದಾಗ ಹೋಗಿ, ಕಾಲುದಾರಿ ಎಲ್ಲಿದೆಯೆಂದು ಕೇಳಿ. ನಾನು ಬರೆದುಕೊಡುವ ಮಾತ್ರೆಗಳಲ್ಲಿ ಒಂದೆರಡಾದರೂ ಅದರಿಂದ ಕಡಿಮೆಯಾದಾವು.