ಸೆನ್ಸರ್ ಜಾಲಕ್ಕೊಬ್ಬ ನೀರುಗಂಟಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



"ಬೆಂಗಳೂರಲ್ಲಿ ಅದೇನಪ್ಪಾ ಕೆಲಸ?" ಎಂದು ಬೆಳಿಗ್ಗೆಯಿಂದ ನಾಲ್ಕು ಜನ ಕೇಳಿದಿರಿ. "ಸಾಫ್ಟ್‌ವೇರ್" ಎಂದು ತಪ್ಪಿಸಿಕೊಂಡೆ. ಈಗ ಮೈಕು ಕೊಟ್ಟಿದ್ದೀರಿ, ಸರಿಯಾಗಿ ಹೇಳುತ್ತೇನೆ.

ಮಣ್ಣಿನ ತೇವ ಅಳೆಯಲು ತೋಟದಲ್ಲಿ ಸಣ್ಣ ಪೆಟ್ಟಿಗೆಗಳನ್ನು ನೆಡುತ್ತೇವೆ. ಒಂದೊಂದರಲ್ಲೂ ಒಂದು ಸೆನ್ಸರ್, ಪುಟ್ಟ ರೇಡಿಯೊ, ಎರಡು ಸೆಲ್ಲು. ದೂರದ ಪೆಟ್ಟಿಗೆಯ ಸುದ್ದಿ ಮನೆ ಹತ್ತಿರದ ಗೇಟ್‌ವೇಗೆ ನೇರ ಮುಟ್ಟುವುದಿಲ್ಲ. ನಡುವಿನ ಪೆಟ್ಟಿಗೆಗಳು ದಾಟಿಸಬೇಕು. ಯಾವುದರ ಮೂಲಕ ಎಂದು ತೀರ್ಮಾನಿಸುವುದೇ ರೂಟಿಂಗ್. ಸಾಮಾನ್ಯವಾಗಿ ಪ್ರತಿ ಪೆಟ್ಟಿಗೆ ಅಕ್ಕಪಕ್ಕ ವಿಚಾರಿಸಿ ತಾನೇ ದಾರಿ ಆರಿಸುತ್ತದೆ. ಆದರೆ ಸೆಲ್ಲನ್ನು ಹೆಚ್ಚು ತಿನ್ನುವುದು ರೇಡಿಯೊ. ಗೇಟ್‌ವೇ ಪಕ್ಕದವು ಎಲ್ಲರ ಹೊರೆ ಹೊತ್ತು ಮೊದಲು ಸಾಯುತ್ತವೆ. ಆಮೇಲೆ ಹಿಂದಿನವು ಬದುಕಿದ್ದೂ ಮೂಕ.

ನಮ್ಮ ಕೆರೆಯ ಕೆಳಗೆ ಗದ್ದೆ ಮಾಡಿದವರಿಗೆ ನೀರುಗಂಟಿ ಗೊತ್ತು. ತಂತಮ್ಮ ಬದುವಿನಿಂದ ನೋಡಿ ಯಾರೂ ನೀರು ತಿರುಗಿಸಿಕೊಳ್ಳುವಂತಿಲ್ಲ. ಇಡೀ ಅಚ್ಚುಕಟ್ಟು ಬಲ್ಲವನು ತೂಬು ಎತ್ತಿ ಸರದಿ ಹೇಳುತ್ತಾನೆ. ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್ ಹೆಚ್ಚುಕಡಿಮೆ ಇದೇ. ಕಂಟ್ರೋಲರ್ ಎಂಬ ಒಂದು ಪ್ರೋಗ್ರಾಂ ಇಡೀ ಜಾಲದ ನಕ್ಷೆ ಇಟ್ಟುಕೊಂಡು, ಮೂರನೆಯದು ಸೋತಿದೆ, ಐದನೆಯದರ ಮೂಲಕ ಕಳಿಸು ಎಂದು ಪಟ್ಟಿ ಕೊಡುತ್ತದೆ. ಪೆಟ್ಟಿಗೆ ಆ ಪಟ್ಟಿಯಂತೆ ನಡೆದರೆ ಸಾಕು. ದೊಡ್ಡ ಕಂಪ್ಯೂಟರ್ ಜಾಲಗಳಿಗೆ 2008ರಲ್ಲಿ ಓಪನ್‌ಫ್ಲೋ ಬಂತು. ಸೆನ್ಸರ್‌ಗಳಿಗೆಂದು ಇಟಲಿಯ ಕತಾನಿಯಾ ವಿಶ್ವವಿದ್ಯಾಲಯದವರು 2015ರಲ್ಲಿ ಎಸ್‌ಡಿಎನ್-ವೈಸ್ ಪ್ರಕಟಿಸಿದರು.

ಅದನ್ನು ಓದಿ, ಉತ್ಸಾಹದಲ್ಲಿ, ತಿಪಟೂರು ಕಡೆಯ ಒಂದು ತೆಂಗಿನ ತೋಟದಲ್ಲಿ ನಾನೂ ಮಾಡಿದೆ. ಚಾರ್ಜ್ ಎಷ್ಟಿದೆ ಎಂದು ಪ್ರತಿ ಪೆಟ್ಟಿಗೆಯನ್ನೂ ಹತ್ತು ಸೆಕೆಂಡಿಗೊಮ್ಮೆ ಕೇಳುವಂತೆ ಬರೆದಿದ್ದೆ. ಮೂರೇ ವಾರಕ್ಕೆ ಸೆಲ್ಲೆಲ್ಲ ಖಾಲಿ. ಉಳಿಸಲು ಹೋದವನೇ ಮುಗಿಸಿದ್ದೆ. ತೋಟದ ಯಜಮಾನರು ನಕ್ಕರು: "ತಮ್ಮಾ, ನೀರುಗಂಟಿ ಗಳಿಗೆಗೊಂದು ಸಲ ಗದ್ದೆಗೆ ಇಳಿದ್ರೆ ಪೈರು ಉಳಿಯುತ್ತಾ?"

ಈಗ ಕೇಳುವುದಿಲ್ಲ. ತೇವದ ಲೆಕ್ಕ ಹೇಗೂ ಬರುತ್ತದಲ್ಲ, ಅದರ ಬಾಲಕ್ಕೇ ಚಾರ್ಜಿನ ಲೆಕ್ಕವನ್ನೂ ಪೆಟ್ಟಿಗೆ ಅಂಟಿಸಿ ಕಳಿಸುತ್ತದೆ. ಕಂಟ್ರೋಲರ್ ಸಿಗದಿದ್ದರೆ ಹಳೆಯ ಪಟ್ಟಿಯೇ ನಡೆಯುತ್ತದೆ. ಮಳೆಗಾಲ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಎಲೆ ನೆನೆದರೆ ರೇಡಿಯೊ ಕುಗ್ಗುತ್ತದೆ, ನಕ್ಷೆ ಸುಳ್ಳಾಗುತ್ತದೆ.

ಅದಕ್ಕೇ ಆರು ಪೆಟ್ಟಿಗೆ ತಂದಿದ್ದೇನೆ. ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ನಾಳೆ ಶಾಲೆಯ ಕೈತೋಟದಲ್ಲಿ ನೆಡುತ್ತೇವೆ. ಆಷಾಢದ ಮಳೆಯಲ್ಲಿ ಯಾವುದು ಎಂದು ಮೂಕವಾಯಿತು ಎಂದು ಬರೆದಿಡುವವರು ಒಂಬತ್ತನೇ ತರಗತಿಯ ಮಕ್ಕಳು.