ಕೆರೆಯ ಒಡೆಯ ಯಾರು?



ಕೆರೆ ಯಾರದು ಎಂದು ಕೇಳಿದರೆ ಊರಿನದು ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ನಮ್ಮ ನಾಡಿನ ಎಷ್ಟೋ ಕೆರೆಗಳನ್ನು ಕಟ್ಟಿಸಿದವರು ಅರಸರಲ್ಲ. ಗೌಡರು, ವರ್ತಕರು, ಅಧಿಕಾರಿಗಳು ತಮ್ಮ ಕೈಯಿಂದ ಹಣ ಹಾಕಿ ಕಟ್ಟಿಸಿದರು. ಪ್ರತಿಯಾಗಿ ಅವರಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಸಿಗುತ್ತಿತ್ತು. ಶಾಸನಗಳು ಇದನ್ನು ‘ಕಟ್ಟುಕೊಡಗಿ’, ‘ದಶವಂದ’ ಎಂದೆಲ್ಲ ಕರೆಯುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ಕೊಡಗಿ ಪಡೆದವನಿಗೆ ದಕ್ಕುತ್ತಿದ್ದುದು ಭೂಮಿಯ ಫಲ. ನೀರು ಮಾತ್ರ ಅಚ್ಚುಕಟ್ಟಿನ ಎಲ್ಲ ರೈತರಿಗೂ ಸೇರಿದ್ದು. ಅದನ್ನು ಸರದಿಯಂತೆ ಬಿಡಲು ನೀರುಗಂಟಿ ಇದ್ದ. ಹೂಳು ತೆಗೆಯುವುದು, ಏರಿ ಭದ್ರಪಡಿಸುವುದು, ತೂಬು ಸರಿಮಾಡುವುದು ಕೊಡಗಿದಾರನ ಹೊಣೆ. ಹೊಣೆಯಿಲ್ಲದ ಹಕ್ಕು ಅಲ್ಲಿರಲಿಲ್ಲ.

ಇನಾಂ ಗ್ರಾಮಗಳ ಕೆರೆಗಳ ಮೇಲೆ ಇನಾಂದಾರರಿಗಿದ್ದ ಹಕ್ಕು 1954ರ ಇನಾಂ ರದ್ದತಿ ಕಾಯ್ದೆಯಿಂದ ಸರ್ಕಾರಕ್ಕೆ ಬಂತು. ಆ ವೇಳೆಗೆ ಬೆಂಗಳೂರಿಗೆ ಕೆರೆಗಳ ಹಂಗು ತಪ್ಪಿತ್ತು. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದಿತ್ತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸೇರಿಕೊಂಡಿತು. 1974ರಲ್ಲಿ ಕಾವೇರಿಯೂ ಬಂದಳು. ಕುಡಿಯುವ ನೀರು ದೂರದಿಂದ ಬರತೊಡಗಿದಾಗ ಪಕ್ಕದ ಕೆರೆ ಬರಿಯ ಖಾಲಿ ನಿವೇಶನದಂತೆ ಕಂಡಿತು.

ಪಶ್ಚಿಮ ಬೆಂಗಳೂರನ್ನೇ ನೋಡಿ. ಕೇತಮಾರನಹಳ್ಳಿ ಕೆರೆ ರಾಜಾಜಿನಗರದ ಬಡಾವಣೆಯಲ್ಲಿ ಕರಗಿತು. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನವಾಯಿತು. ವಿಜಯನಗರದ ಕಾರ್ಡ್ ರಸ್ತೆಯ ಕೆರೆ ಹೆಸರನ್ನೂ ಉಳಿಸಿಕೊಳ್ಳಲಿಲ್ಲ. ಇತ್ತ ವೃಷಭಾವತಿ ಹೊಳೆ ಕೊಳಚೆ ಕಾಲುವೆಯಾಯಿತು. ಕೆಂಗೇರಿ, ಮಲ್ಲತ್ತಹಳ್ಳಿ ಕೆರೆಗಳು ಉಳಿದುಕೊಂಡಿವೆ.

ಖಾಸಗಿ ಒಡೆತನ ಇನ್ನೊಂದು ವೇಷದಲ್ಲಿ ಮರಳಿತು. 2002ರಲ್ಲಿ ಸ್ಥಾಪನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿತು. ಹಣವಿಲ್ಲ, ಅವರಾದರೂ ಕಾಪಾಡಲಿ ಎಂಬುದು ವಾದ. ಅಲ್ಲಿ ಮೀನು ಹಿಡಿಯುವವರು, ದನ ಮೇಯಿಸುವವರು, ಬಟ್ಟೆ ಒಗೆಯುವವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯ ಬಳಿಕ, 2012ರಲ್ಲಿ ನ್ಯಾಯಾಲಯ ಈ ಪದ್ಧತಿಗೆ ತಡೆ ಹಾಕಿತು.

ಕೊಡಗಿಯೂ ಖಾಸಗಿಯವರಿಗೆ ಕೊಟ್ಟದ್ದೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅದರ ಆದಾಯ ಬರುತ್ತಿದ್ದುದು ಕೆರೆಯ ಕೆಳಗಿನ ಗದ್ದೆಯಿಂದ; ಕೆರೆ ತುಂಬಿದರಷ್ಟೇ ಕೊಡಗಿದಾರನ ಕಣಜ ತುಂಬುತ್ತಿತ್ತು. ಗುತ್ತಿಗೆಯ ಆದಾಯ ಬರುವುದು ದಡದ ಹೋಟೆಲು, ಪ್ರವೇಶ ಟಿಕೆಟ್ಟು, ದೋಣಿ ವಿಹಾರದಿಂದ. ಊರಿನವನು ತನ್ನ ಕೆರೆಗೆ ದುಡ್ಡು ಕೊಟ್ಟು ಹೋಗುವ ಅತಿಥಿಯಾಗುತ್ತಾನೆ.

ಹಾಗೆಂದು ನ್ಯಾಯಾಲಯದ ಆದೇಶವೊಂದೇ ಕೆರೆಯ ಹೂಳು ತೆಗೆಯುವುದಿಲ್ಲ. ಕೆರೆ ನಮ್ಮೆಲ್ಲರದು ಎಂದು ಹೇಳುವವರು ಕೊಡಗಿದಾರನ ಹೊಣೆಯಲ್ಲಿ ತಮ್ಮ ಪಾಲು ಎಷ್ಟು ಎಂಬುದನ್ನೂ ಹೇಳಬೇಕು.